ತಡೆಯಿಂದ ಹುಟ್ಟುವ ಲಯ: ಸರ್ ಜಾನ್ ಎಕಲ್ಸ್

ಇಪ್ಪತ್ತನೆಯ ಶತಮಾನದ ನರವಿಜ್ಞಾನದಲ್ಲಿ ಸರ್ ಜಾನ್ ಎಕಲ್ಸ್ ಅವರ ಸ್ಥಾನ ವಿಶಿಷ್ಟವಾದುದು. ಒಂದು ನರಕೋಶವು ಇನ್ನೊಂದನ್ನು ತಡೆಯುವ ಬಗೆಯನ್ನು ಅವರು ಕೋಶದ ಒಳಗಿನಿಂದಲೇ ಅಳೆದು ತೋರಿಸಿದರು. ಆ ಅಳತೆ ತಮ್ಮ ಸಿದ್ಧಾಂತವನ್ನೇ ಅಲ್ಲಗಳೆದಾಗ ಸಿದ್ಧಾಂತವನ್ನು ಕೈಬಿಟ್ಟರು. ಮಿದುಳಿನ ಲಯಗಳನ್ನು ರೂಪಿಸುವಲ್ಲಿ ತಡೆಗೆ ಪ್ರಧಾನ ಪಾತ್ರವಿದೆ ಎಂಬ ಇಂದಿನ ತಿಳಿವಳಿಕೆಗೆ ಈ ತ್ಯಾಗವೂ ದಾರಿ ಮಾಡಿಕೊಟ್ಟಿತು.

1903ರ ಜನವರಿ 27ರಂದು ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಜನಿಸಿದ ಎಕಲ್ಸ್, ಅಲ್ಲಿಯೇ ವೈದ್ಯಶಾಸ್ತ್ರದ ವ್ಯಾಸಂಗ ಮುಗಿಸಿ, 1925ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ತೆರಳಿದರು. ಅಲ್ಲಿ ಅವರಿಗೆ ದೊರೆತ ಗುರು ಚಾರ್ಲ್ಸ್ ಶೆರಿಂಗ್ಟನ್. ಒಂದು ಸ್ನಾಯು ಬಿಗಿಯುವಾಗ ಅದರ ಎದುರು ಸ್ನಾಯು ಸಡಿಲಗೊಳ್ಳುವುದು ಕೇವಲ ಪ್ರಚೋದನೆಯ ಅಭಾವದಿಂದಲ್ಲ, ಬೆನ್ನುಹುರಿಯೊಳಗೆ ನಡೆಯುವ ಸಕ್ರಿಯ ಪ್ರತಿಬಂಧದಿಂದ ಎಂಬುದು ಶೆರಿಂಗ್ಟನ್ನರ ಪ್ರತಿಪಾದನೆ. ಆ ಪ್ರತಿಬಂಧ ನಡೆಯುವುದು ಹೇಗೆ ಎಂಬ ಪ್ರಶ್ನೆ ಶಿಷ್ಯನ ಪಾಲಿಗೆ ಬಂದಿತು.

ಆ ಕಾಲದ ವಿದ್ವಾಂಸರಲ್ಲಿ ಎರಡು ಪಕ್ಷಗಳಿದ್ದವು. ನರಕೋಶಗಳ ನಡುವಣ ಸಂವಹನ ರಾಸಾಯನಿಕವೆಂದು ಹೆನ್ರಿ ಡೇಲ್ ಮೊದಲಾದವರು ವಾದಿಸಿದರೆ, ಅದು ವಿದ್ಯುತ್ತಿನಿಂದಲೇ ಆಗುವುದೆಂದು ಎಕಲ್ಸ್ ದೃಢವಾಗಿ ನಂಬಿದ್ದರು. 1937ರಲ್ಲಿ ಸಿಡ್ನಿಗೆ ಬಂದ ಅವರು 1944ರಲ್ಲಿ ನ್ಯೂಜಿಲೆಂಡಿನ ಡುನೆಡಿನ್ ನಗರದ ಒಟಾಗೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಆಗ ಆ ದೇಶದಲ್ಲಿಯೇ ಇದ್ದ ತತ್ತ್ವಜ್ಞಾನಿ ಕಾರ್ಲ್ ಪಾಪರ್ ಅವರ ಸ್ನೇಹ ಅವರಿಗೆ ಒದಗಿತು. ಊಹೆಯು ತಪ್ಪಾಗಿದ್ದರೆ ತಪ್ಪೆಂದು ತೋರುವಷ್ಟು ಖಚಿತವಾಗಿ ಅದನ್ನು ಮಂಡಿಸಬೇಕೆಂಬುದು ಪಾಪರ್ ಅವರ ವಿಚಾರದ ತಿರುಳು. ಅದರಂತೆ 1947ರಲ್ಲಿ ಪ್ರತಿಬಂಧದ ವಿದ್ಯುತ್ ಸಿದ್ಧಾಂತವನ್ನು ಎಕಲ್ಸ್ ಸ್ಪಷ್ಟ ರೂಪದಲ್ಲಿ ಮುಂದಿಟ್ಟರು.

ಪರೀಕ್ಷೆಯ ಗಳಿಗೆ 1951ರ ಆಗಸ್ಟ್‌ನಲ್ಲಿ ಬಂದಿತು. ಬ್ರಾಕ್ ಮತ್ತು ಕೂಂಬ್ಸ್ ಎಂಬ ಸಹೋದ್ಯೋಗಿಗಳೊಂದಿಗೆ ಎಕಲ್ಸ್ ಬೆಕ್ಕಿನ ಬೆನ್ನುಹುರಿಯ ಚಾಲಕ ನರಕೋಶದೊಳಕ್ಕೆ ಅತಿ ಸಣ್ಣ ಗಾಜಿನ ವಿದ್ಯುದಗ್ರವನ್ನು ಇಳಿಸಿದರು. ಪ್ರತಿಬಂಧದ ವೇಳೆ ಕೋಶದ ಒಳಗಿನ ವಿದ್ಯುದ್ವಿಭವವು ಅವರ ಸಿದ್ಧಾಂತ ಸೂಚಿಸಿದ್ದಕ್ಕೆ ವಿರುದ್ಧವಾಗಿ ಇನ್ನಷ್ಟು ಋಣಾತ್ಮಕವಾಯಿತು. ರಾಸಾಯನಿಕ ಪ್ರೇಷಣೆಯ ಹೊರತು ಇದಕ್ಕೆ ಬೇರೆ ಸಮಂಜಸ ವಿವರಣೆ ಇರಲಿಲ್ಲ. ಹಲವು ವರ್ಷಗಳ ವಾದವನ್ನು ಎಕಲ್ಸ್ ಅಲ್ಲಿಗೇ ಬಿಟ್ಟು, ಎದುರು ಪಕ್ಷದ ನಿಲುವನ್ನು ಒಪ್ಪಿಕೊಂಡರು.

1952ರಲ್ಲಿ ಕ್ಯಾನ್‌ಬೆರಾಕ್ಕೆ ಬಂದ ಮೇಲೆ ಅವರ ಗಮನ ತಡೆಯೊಡ್ಡುವ ನರಕೋಶಗಳತ್ತ ಹರಿಯಿತು. ಚಾಲಕ ನರಕೋಶದ ಕವಲೊಂದು ರೆನ್ಶಾ ಕೋಶವನ್ನು ಪ್ರಚೋದಿಸುತ್ತದೆ. ಆ ಕೋಶವು ಹಿಂದಿರುಗಿ ಚಾಲಕ ನರಕೋಶವನ್ನೇ ತಡೆಯುತ್ತದೆ. ಈ ಮರುತಡೆಯ ಮಂಡಲವನ್ನು 1954ರಲ್ಲಿ ಅವರು ಫ್ಯಾಟ್ ಮತ್ತು ಕೊಕೆತ್ಸು ಅವರೊಡನೆ ವಿವರಿಸಿದರು. 1962ರಲ್ಲಿ ನಾರ್ವೆಯ ಪೆರ್ ಆಂಡರ್ಸನ್ ಅವರೊಂದಿಗೆ ಪ್ರಕಟಿಸಿದ ಲೇಖನದಲ್ಲಿ ಇದೇ ತತ್ತ್ವ ಥಲಾಮಸ್‌ನ ಲಯಗಳಿಗೆ ಅನ್ವಯಿಸಿತು. ಪ್ರತಿಬಂಧಕ ಕೋಶವೊಂದು ಅನೇಕ ಕೋಶಗಳನ್ನು ಒಮ್ಮೆಗೇ ಮೌನಗೊಳಿಸುತ್ತದೆ. ತಡೆ ಸರಿದೊಡನೆ ಅವೆಲ್ಲ ಒಟ್ಟಾಗಿ ಪುಟಿದೇಳುತ್ತವೆ. ಆ ಪುಟಿತವೇ ಮುಂದಿನ ತಡೆಯನ್ನು ಕರೆಯುತ್ತದೆ. ಸೆಕೆಂಡಿಗೆ ಸುಮಾರು 10 ಆವೃತ್ತಿಯ ಅಲೆಗಳು ಹೀಗೆ ಮೂಡುತ್ತವೆ. ತಾಳದಲ್ಲಿ ಪೆಟ್ಟಿನಷ್ಟೇ ಹುಸಿಗೂ ಲೆಕ್ಕವಿರುವಂತೆ, ಇಲ್ಲಿ ಮೌನದ ಅವಧಿಯೇ ಲಯದ ಕಾಲಪ್ರಮಾಣವನ್ನು ನಿರ್ಧರಿಸುತ್ತದೆ.

1963ರ ನೊಬೆಲ್ ಪ್ರಶಸ್ತಿಯನ್ನು ಹಾಜ್‌ಕಿನ್ ಮತ್ತು ಹಕ್ಸ್‌ಲಿ ಅವರೊಂದಿಗೆ ಎಕಲ್ಸ್ ಹಂಚಿಕೊಂಡರು. ಮನಸ್ಸು ಮಿದುಳಿಗಿಂತ ಬೇರೆಯಾದುದೆಂಬ ಅವರ ದ್ವೈತ ನಿಲುವನ್ನು ಬಹುಪಾಲು ನರವಿಜ್ಞಾನಿಗಳು ಒಪ್ಪಲಿಲ್ಲ. 1977ರಲ್ಲಿ ಪಾಪರ್ ಅವರೊಂದಿಗೆ ಬರೆದ ಗ್ರಂಥದಲ್ಲಿಯೂ ಅವರು ಆ ನಿಲುವನ್ನೇ ಸಮರ್ಥಿಸಿದರು. 1997ರ ಮೇ 2ರಂದು ಸ್ವಿಟ್ಜರ್ಲೆಂಡಿನಲ್ಲಿ ನಿಧನರಾದರು.

1962ರ ವಿವರಣೆಯೂ ತಿದ್ದುಪಡಿಗೆ ಹೊರತಾಗಲಿಲ್ಲ. ನಿದ್ರೆಯ ಕದಿರಲೆಗಳಿಗೆ ಕಾರಣವಾದ ತಡೆಯ ಮುಖ್ಯ ಮೂಲ ಥಲಾಮಸ್ಸನ್ನು ಸುತ್ತುವರಿದ ಜಾಲಕೇಂದ್ರವೆಂದು 1980ರ ದಶಕದಲ್ಲಿ ಮಿರ್ಚಾ ಸ್ಟೆರಿಯಾಡೆ ಮತ್ತು ಸಹವರ್ತಿಗಳು ತೋರಿಸಿದರು. ಆದರೂ ತಡೆ, ಬಿಡುಗಡೆ, ಮತ್ತೆ ತಡೆ ಎಂಬ ಮೂಲ ಸೂತ್ರ ಉಳಿದುಬಂದಿದೆ. ತಮ್ಮ ಸಿದ್ಧಾಂತವನ್ನು ತಮ್ಮ ಪ್ರಯೋಗಕ್ಕೇ ಒಪ್ಪಿಸಿದ ವಿಜ್ಞಾನಿಯ ಕೃತಿ ಮುಂದಿನವರ ಪ್ರಯೋಗಗಳಿಂದ ತಿದ್ದಿಸಿಕೊಂಡು ಬೆಳೆದುದು ಉಚಿತವೇ ಆಗಿದೆ.