ಭುವನಗಿರಿಯ ಚೆನ್ನಮ್ಮಾಜಿ

ಕೆಳದಿಯ ರಾಣಿ ಚೆನ್ನಮ್ಮಾಜಿಯ ಶೌರ್ಯದ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದವರೇ. ಆ ಶೌರ್ಯಕ್ಕೆ ಇಂಬಾಗಿ ನಿಂತ ನೆಲವನ್ನೂ ಮಳೆಯನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನನ್ನ ಆಸೆ.

ಆಕೆ ಸಿದ್ಧಪ್ಪಶೆಟ್ಟರೆಂಬ ವರ್ತಕರ ಮಗಳು. ಬಿದನೂರಿನ ಅರಸ ಸೋಮಶೇಖರ ನಾಯಕನ ಕೈಹಿಡಿದು ಅರಮನೆಗೆ ಬಂದಳು. ಆದರೆ ಅರಸನು ದುರ್ಜನರ ಸಹವಾಸಕ್ಕೆ ಬಿದ್ದು ಕಡೆಗೆ ಕೊಲೆಯಾದನು. ಮಕ್ಕಳಿಲ್ಲದ ವಿಧವೆಗೆ ಒಳಗೆ ಪಿತೂರಿ, ಹೊರಗೆ ಬಿಜಾಪುರದ ಸೈನ್ಯ. ಆಗ ಆಕೆ ಭಂಡಾರವನ್ನೂ ಸಿಂಹಾಸನವನ್ನೂ ಭುವನಗಿರಿಗೆ, ಅಂದರೆ ಇಂದಿನ ಕವಲೇದುರ್ಗಕ್ಕೆ ಸಾಗಿಸಿ, 1672ರ ಸುಮಾರಿಗೆ ಅಲ್ಲಿಂದಲೇ ಆಡಳಿತದ ಸೂತ್ರ ಹಿಡಿದಳೆಂದು ಪರಂಪರೆ ಹೇಳುತ್ತದೆ.

ಈ ಬೆಟ್ಟವೇ ಏಕೆ? ಮೂರು ಸುತ್ತಿನ ಕಲ್ಲುಕೋಟೆ ಒಂದು ಉತ್ತರ. ಇನ್ನೊಂದು ಉತ್ತರ ನನಗೆ ದೊರೆತದ್ದು ಒಂದು ಆಷಾಢದಲ್ಲಿ ಕೋಟೆ ಹತ್ತಿದಾಗ. ಕಣಿವೆಯ ತಳದಿಂದ ಬಿಳಿಯ ಮಂಜು ಹೊಗೆಯಂತೆ ಮೇಲೇರಿ ಬಂದು, ಎದುರಿನ ಗೋಡೆಯೇ ಕಾಣದಾಯಿತು. ಕಾಲಿಗೆ ಹತ್ತಿದ ಉಂಬಳಗಳ ಮಾತು ಬೇರೆ! ಅರಬ್ಬಿ ಸಮುದ್ರದ ಆವಿಯನ್ನು ಹೊತ್ತ ನೈರುತ್ಯ ಮಾರುತ ಘಟ್ಟಕ್ಕೆ ಬಂದು ತಾಗುತ್ತದೆ. ವಾರಾಹಿಯಂಥ ಹೊಳೆಗಳು ಕೊರೆದ ಇಕ್ಕಟ್ಟಾದ ಕಣಿವೆಗೆ ನುಗ್ಗಿದ ಗಾಳಿಗೆ ಪಕ್ಕಕ್ಕೆ ಸರಿಯಲು ಎಡೆಯಿಲ್ಲ, ಮೇಲೇರಲೇಬೇಕು. ಏರಿದಂತೆ ತಣಿಯುತ್ತದೆ, ತಣಿದ ಗಾಳಿ ಅಷ್ಟು ಆವಿಯನ್ನು ಹೊರಲಾರದು. ಆವಿ ಹನಿಯಾಗುವಾಗ ಬಿಡುವ ಶಾಖವು ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಆದುದರಿಂದಲೇ ನೆರೆಯ ಹುಲಿಕಲ್ಲು, ಆಗುಂಬೆಗಳಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ, ಮೂಡಲಿಗೆ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಅದು 1000 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ.

1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೋಗುತ್ತ ಆಕೆಯ ಮೊರೆಹೊಕ್ಕನು. ಔರಂಗಜೇಬನ ಮುನಿಸನ್ನು ಬಲ್ಲವಳಾಗಿಯೂ ಆಕೆ ಆಶ್ರಯವಿತ್ತು ಸುರಕ್ಷಿತವಾಗಿ ದಾಟಿಸಿದಳು. ಬೆನ್ನಟ್ಟಿ ಬಂದ ಮೊಗಲ್ ದಂಡನ್ನು ಮಳೆಯೇ ತಡೆಯಿತೆಂದು ಕಥೆ ಹೇಳುವವರುಂಟು. ನನಗೇಕೋ ಅದು ಪೂರ್ತಿ ಒಪ್ಪಿಗೆಯಾಗದು. ರಾಜಾರಾಮನು ಪನ್ಹಾಳೆಯನ್ನು ಬಿಟ್ಟದ್ದೇ ಸೆಪ್ಟೆಂಬರ್ ಕೊನೆಯಲ್ಲಿ. ಜಡಿಮಳೆಯ ಕಾಲ ಆಗ ಮುಗಿಯುತ್ತಿತ್ತು. ದಂಡನ್ನು ತಡೆದದ್ದು ಆ ಮಳೆ ಬೆಳೆಸಿದ ಕಾನು, ಕುದುರೆ ಓಡಲಾಗದ ಕಾಲುದಾರಿ, ಅದರ ಪ್ರತಿಯೊಂದು ತಿರುವನ್ನೂ ಬಲ್ಲ ಕೆಳದಿಯ ಕಾಲಾಳುಗಳು. ಮೊಗಲರು ಕಡೆಗೆ ಒಪ್ಪಂದ ಮಾಡಿಕೊಂಡು ಹಿಂದಿರುಗಿದರು.

ದತ್ತುಪುತ್ರ ಬಸಪ್ಪ ನಾಯಕನಿಗೆ ರಾಜ್ಯವನ್ನು ಉಳಿಸಿಕೊಟ್ಟು ಆಕೆ ಸುಮಾರು 1697ರಲ್ಲಿ ತೀರಿಕೊಂಡಳು. ಹೈದರಾಲಿ ಬಿದನೂರನ್ನು ಹಿಡಿದದ್ದು 1763ರ ಮಾರ್ಚ್ ತಿಂಗಳಲ್ಲಿ, ಕಾಡಿನ ದಾರಿಗಳೆಲ್ಲ ಒಣಗಿ ಎಲೆ ಉದುರುವ ಕಾಲದಲ್ಲಿ.