ನೆರೆಮನೆಯ ತಾಯಂದಿರನ್ನು ನೆಚ್ಚಿದ ವೈದ್ಯೆ

ಭೇದಿಯಾದ ಮಗುವಿಗೆ ಸಕ್ಕರೆ, ಉಪ್ಪು ಬೆರೆಸಿದ ನೀರು ಕುಡಿಸಬೇಕೆಂದು ನೀವು ಬಲ್ಲಿರಿ. ಅಷ್ಟು ತಿಳಿಯದೆ ತಾಯಂದಿರು ಕೂಸುಗಳನ್ನು ಮಣ್ಣು ಮಾಡುತ್ತಿದ್ದ ಕಾಲದಲ್ಲಿ ಬ್ರೆಜಿಲ್ ದೇಶದ ಒಬ್ಬ ವಿಧವೆ ಏನು ಮಾಡಿದರು, ಕೇಳಿ.

ಜಿಲ್ಡಾ ಆರ್ನ್ಸ್ 1934ರಲ್ಲಿ 13 ಮಕ್ಕಳ ತುಂಬು ಕುಟುಂಬದಲ್ಲಿ ಹುಟ್ಟಿ, ಮಕ್ಕಳ ವೈದ್ಯೆಯಾದರು. 1978ರಲ್ಲಿ ಪತಿ ತೀರಿಕೊಂಡಾಗ ಮಡಿಲಲ್ಲಿ ಐವರು ಮಕ್ಕಳು. ಅವರ ಅಣ್ಣ ಸಾವ್ ಪಾವ್ಲೋದ ಕಾರ್ಡಿನಲ್ ಆರ್ನ್ಸ್. ಶಿಶುಗಳನ್ನು ಉಳಿಸುವ ಈ ತಿಳಿವಳಿಕೆಯನ್ನು ಧರ್ಮಸಭೆಯೇ ಮನೆಮನೆಗೆ ಮುಟ್ಟಿಸಬಾರದೇಕೆ ಎಂದು 1982ರಲ್ಲಿ ಯುನಿಸೆಫ್ ಮುಖ್ಯಸ್ಥರು ಕೇಳಿದಾಗ, ಅಣ್ಣನಿಗೆ ತಂಗಿಯ ನೆನಪಾಯಿತು.

ಮರುವರ್ಷ ಪರಾನಾ ರಾಜ್ಯದ ಫ್ಲೊರೆಸ್ತೊಪೊಲಿಸ್‌ನಲ್ಲಿ ಕೆಲಸ ಶುರುವಾಯಿತು. ಕಬ್ಬು ಕಡಿಯುವ ಕೂಲಿಗಳ ಊರದು. ಹುಟ್ಟಿದ ಸಾವಿರ ಶಿಶುಗಳಲ್ಲಿ 127 ಸಾಯುತ್ತಿದ್ದವು. ಜಿಲ್ಡಾ ಆಸ್ಪತ್ರೆ ಕಟ್ಟಲಿಲ್ಲ. ಯೇಸುಸ್ವಾಮಿ ರೊಟ್ಟಿ ಹಂಚುವ ಮುನ್ನ ಜನರನ್ನು ಗುಂಪುಗುಂಪಾಗಿ ಕೂರಿಸಿದ್ದು ಅವರ ಮನಸ್ಸಿನಲ್ಲಿತ್ತು. ಅಲ್ಲಿನ ಹೆಂಗಸರಿಗೇ ತರಬೇತಿ ಕೊಟ್ಟು, ಒಬ್ಬೊಬ್ಬರಿಗೆ ಅಕ್ಕಪಕ್ಕದ ಹತ್ತಾರು ಮನೆಗಳನ್ನು ವಹಿಸಿದರು. ಬಸುರಿಯರ ಆರೈಕೆ, ಎದೆಹಾಲು, ಲಸಿಕೆ, ತಿಂಗಳಿಗೊಮ್ಮೆ ಮಕ್ಕಳ ತೂಕ. ತೂಕದ ದಿನವೆಂದರೆ ಹಬ್ಬ! ಸಕ್ಕರೆಗೊಂದು, ಉಪ್ಪಿಗೊಂದು ತುದಿಯಿದ್ದ ಅಳತೆಯ ಚಮಚ ಬಂದ ಮೇಲೆ ಓದು ಬಾರದ ತಾಯಿಗೂ ಆ ನೀರಿನ ಹದ ತಪ್ಪುತ್ತಿರಲಿಲ್ಲ. ಒಂದೇ ವರ್ಷದಲ್ಲಿ ಆ 127, 28ಕ್ಕೆ ಇಳಿಯಿತು.

ನಮ್ಮ ಅಂಗನವಾಡಿಯ ತಕ್ಕಡಿ ಕಂಡವರಿಗೆ ಇದರಲ್ಲಿ ಹೊಸದೇನು ಎನಿಸೀತು. ಡಾಕ್ಟರ ಮಾತಿಗೆ ತಲೆಯಾಡಿಸಿ ಮರೆಯುವ ತಾಯಿ ಪಕ್ಕದ ಮನೆಯವಳ ಮಾತು ಕೇಳುತ್ತಾಳೆ. ಜಿಲ್ಡಾ ನೆಚ್ಚಿದ್ದು ಅದನ್ನೇ.

2010ರ ಜನವರಿ 12ರಂದು ಹೈಟಿಯ ಪೋರ್ಟ್-ಔ-ಪ್ರಿನ್ಸ್‌ನ ಚರ್ಚೊಂದರಲ್ಲಿ ಧರ್ಮಭಗಿನಿಯರಿಗೂ ಗುರುಗಳಿಗೂ ಈ ಕೆಲಸವನ್ನೇ ವಿವರಿಸಿ ಮುಗಿಸಿದ್ದರಷ್ಟೇ, ಭೂಕಂಪಕ್ಕೆ ಕಟ್ಟಡ ಕುಸಿಯಿತು. ಅವರಿಗಾಗ 75 ವರ್ಷ. ಬ್ರೆಜಿಲ್‌ನಲ್ಲಿ ಅಂದು ಎರಡು ಲಕ್ಷಕ್ಕೂ ಮಿಕ್ಕಿದ ಸ್ವಯಂಸೇವಕರು, ಹೆಚ್ಚಿನವರು ಬಡ ತಾಯಂದಿರೇ, ಮನೆಮನೆ ಸುತ್ತುತ್ತಿದ್ದರು.