ಪಾಣಿಪತ್ತಿನ ಸೇನಾನಿ ಸದಾಶಿವರಾವ ಭಾವೂ

ಮೊದಲನೆಯ ಬಾಜೀರಾಯ ಪೇಶ್ವೆಯ ತಮ್ಮನಾದ ಚಿಮಾಜಿ ಅಪ್ಪನಿಗೆ ಸದಾಶಿವರಾವನು 1730ರಲ್ಲಿ ಮಗನಾಗಿ ಜನಿಸಿದನು. ಶೈಶವದಲ್ಲಿಯೇ ತಾಯಿಯನ್ನೂ, ಹತ್ತನೆಯ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡ ಈತನು ಹದಿಹರೆಯದಲ್ಲಿಯೇ ಕರ್ನಾಟಕದ ದಂಡಯಾತ್ರೆಯಲ್ಲಿ ಯುದ್ಧಾನುಭವವನ್ನು ಪಡೆದನು. ಮುಂದೆ ರಾಜ್ಯದ ಆಯವ್ಯಯಗಳನ್ನು ನೋಡಿಕೊಳ್ಳುತ್ತ, ದೊಡ್ಡಪ್ಪನ ಮಗನಾದ ನಾನಾಸಾಹೇಬ ಪೇಶ್ವೆಯ ಬಲಗೈಯಾದನು. 1760ರ ಫೆಬ್ರವರಿಯಲ್ಲಿ ಉದಗೀರದಲ್ಲಿ ನಿಜಾಮನ ಸೈನ್ಯವನ್ನು ಸೋಲಿಸಿ ಕೀರ್ತಿಶಾಲಿಯಾದನು.

ಆ ವರ್ಷದ ಜನವರಿಯಲ್ಲಿ ಅಹಮದಶಹಾ ಅಬ್ದಾಲಿಯ ಸೇನೆಯೊಡನೆ ಹೋರಾಡುತ್ತ ದತ್ತಾಜಿ ಶಿಂಧೆಯು ಮಡಿದಿದ್ದನು. ಅಬ್ದಾಲಿಯನ್ನು ಹಿಮ್ಮೆಟ್ಟಿಸುವ ಭಾರವು ಭಾವೂನ ಮೇಲೆ ಬಿದ್ದಿತು. ಪೇಶ್ವೆಯ ಮಗ ವಿಶ್ವಾಸರಾವನೂ, ಇಬ್ರಾಹಿಂಖಾನ ಗಾರದಿಯ ಫಿರಂಗಿಗಳೂ ಜೊತೆಗಿದ್ದುವು. ಆದರೆ ದಂಡಿನ ಬೆನ್ನಿಗೆ ಹೆಂಗಸರು, ಯಾತ್ರಿಕರು, ವರ್ತಕರು ಬಹುಸಂಖ್ಯೆಯಲ್ಲಿ ಹೊರಟರು. ಇವರೆಲ್ಲರ ಹೊಟ್ಟೆಗೂ ಅನ್ನ ಬೇಕು. ಕುದುರೆ ಎತ್ತುಗಳಿಗೆ ಮೇವು ಬೇಕು. ಪೇಶ್ವೆಯ ಬೊಕ್ಕಸವೋ ಸಾಲದಲ್ಲಿ ಮುಳುಗಿತ್ತು. ಉತ್ತರದಿಂದ ಬರಬೇಕಾದ ಕಪ್ಪಕಾಣಿಕೆಯು ಬರಲಿಲ್ಲ.

ಮಳೆಯಿಂದ ತುಂಬಿ ಹರಿಯುತ್ತಿದ್ದ ಯಮುನೆಯನ್ನು ದಾಟಲಾಗದೆ ಭಾವೂ ಆಗಸ್ಟಿನಲ್ಲಿ ದಿಲ್ಲಿಯನ್ನು ವಶಪಡಿಸಿಕೊಂಡನು. ಅಲ್ಲಿಯ ಖಜಾನೆಯೂ ಬರಿದಾಗಿತ್ತು. ಸಿಪಾಯಿಗಳ ಸಂಬಳಕ್ಕಾಗಿ ಅರಮನೆಯ ದಿವಾನ್-ಇ-ಖಾಸ್‌ದ ಬೆಳ್ಳಿಯ ಮಾಳಿಗೆಯನ್ನು ಕೀಳಿಸಿ ನಾಣ್ಯ ಟಂಕಿಸಬೇಕಾಯಿತು. ನೆರವಿಗೆ ಬಂದಿದ್ದ ಜಾಟರ ಸೂರಜಮಲ್ಲನು ಅಸಮಾಧಾನಗೊಂಡು ಹಿಂದಿರುಗಿದನು. ಅಕ್ಟೋಬರಿನಲ್ಲಿ ಕುಂಜಪುರದ ಕೋಟೆಯನ್ನು ಗೆದ್ದಾಗ ದೊರೆತ ಧಾನ್ಯವು ಕೆಲಕಾಲದ ಆಸರೆಯಾಯಿತು. ಆದರೆ ಅಷ್ಟರಲ್ಲಿ ಅಬ್ದಾಲಿಯು ಬಾಗಪತದ ಬಳಿ ನದಿಯನ್ನು ದಾಟಿ, ಭಾವೂಗೂ ದಿಲ್ಲಿಗೂ ನಡುವೆ ನಿಂತನು. ದಕ್ಷಿಣದ ದಾರಿ ಮುಚ್ಚಿಹೋಯಿತು.

ಪಾಣಿಪತ್ತಿನಲ್ಲಿ ಕಂದಕ ತೋಡಿ ಭಾವೂ ಎರಡು ತಿಂಗಳಿಗೂ ಮಿಕ್ಕಿ ತಳವೂರಿದನು. ಶತ್ರುವಿನ ಧಾನ್ಯಮಾರ್ಗವನ್ನು ಕಡಿಯುತ್ತಿದ್ದ ಗೋವಿಂದಪಂತ ಬುಂದೇಲೆಯು ಡಿಸೆಂಬರಿನಲ್ಲಿ ಹತನಾದನು. ಚಳಿಯಲ್ಲಿ ಮೇವಿಲ್ಲದೆ ಜಾನುವಾರುಗಳು ಸತ್ತುವು, ಕಾಳು ತೀರಿತು. ಹಸಿದು ಸಾಯುವುದಕ್ಕಿಂತ ಕಾದಿ ಸಾಯುವುದೇ ಲೇಸೆಂದು ದಂಡು ನಿಶ್ಚಯಿಸಿತು. 1761ರ ಜನವರಿ 14ರಂದು ನಡೆದ ಯುದ್ಧದಲ್ಲಿ ಮಧ್ಯಾಹ್ನದವರೆಗೂ ಮರಾಠರು ದಿಟ್ಟತನದಿಂದ ಹೋರಾಡಿದರು. ವಿಶ್ವಾಸರಾವನು ಗುಂಡು ತಗಲಿ ಬೀಳಲು, ಭಾವೂ ತಾನೇ ಶತ್ರುಗಳ ನಡುವೆ ನುಗ್ಗಿ ಮಡಿದನು. ಆಗ ಅವನಿಗೆ ಮೂವತ್ತು ವರ್ಷ.

ದಂಡಿನಲ್ಲಿದ್ದ ಪತ್ನಿ ಪಾರ್ವತೀಬಾಯಿಯು ಹೇಗೋ ಪಾರಾಗಿ ಮರಳಿದಳು. ಪತಿಯು ತೀರಿಕೊಂಡನೆಂಬುದನ್ನು ಆಕೆ ಕೊನೆಯವರೆಗೂ ನಂಬಲಿಲ್ಲ. ನಾನಾಸಾಹೇಬನು ಆ ಜೂನ್ ತಿಂಗಳಿನಲ್ಲಿಯೇ ದುಃಖದಿಂದ ಕಣ್ಮುಚ್ಚಿದನು.

ಭಾವೂನಲ್ಲಿ ಶೌರ್ಯದ ಕೊರತೆಯಿರಲಿಲ್ಲ. ರಾಜ್ಯದ ಲೆಕ್ಕವನ್ನೆಲ್ಲ ಬಲ್ಲ ಆತನನ್ನು ಕೊನೆಗೆ ಸೋಲಿಸಿದುದು ಕಾಳಿನ ಲೆಕ್ಕವೇ. ಮುಂದೆ ನಿಂತು ಕಾದುವವನ ಕತ್ತಿಗೆ ಹಿಂದೆ ನಿಂತು ಅನ್ನವೊದಗಿಸುವವರ ಕೈಯೇ ಬಲವೆಂಬುದನ್ನು ಆತನ ಬಾಳು ತಿಳಿಸುತ್ತದೆ.